ಬೆಹಿಯೆ ಅಕ್ಕ ಬರೆಸಿದ ಇಂಗ್ಲಿಷ್ ಹಲಗೆ

ಟರ್ಕಿಯ ಕಡಲಂಚಿನ ನಮ್ಮ ಕುಮ್ಲುಬುರುನ್‌ನಲ್ಲಿ ಇಂಗ್ಲಿಷ್ ಬಲ್ಲವರು ಯಾರೆಂದು ಕೇಳಿದರೆ ಜನ ಶಾಲೆಯ ಕಡೆ ಕೈ ತೋರಿಸುತ್ತಿರಲಿಲ್ಲ. ನನ್ನ ಕ್ಷೌರದಂಗಡಿಯ ಪಕ್ಕದ ಚಹಾ ತೋಟದ ಕಡೆ ತೋರಿಸುತ್ತಿದ್ದರು. ಮರದ ನೆರಳಿನಲ್ಲಿ ಮೇಜು ಹಾಕಿ ಚಹಾ ಕೊಡುವ ಆ ತೋಟ ಬೆಹಿಯೆ ಅಕ್ಕನದು.

ಅಕ್ಕ ಶಾಲೆ ಕಲಿತದ್ದು ಐದನೆಯ ತರಗತಿಯವರೆಗೆ. ಆಮೇಲೆ ಅಪ್ಪನ ಜೊತೆ ಆಲಿವ್ ಎಣ್ಣೆಯ ಸಾಬೂನು ಕತ್ತರಿಸುತ್ತ ಬೆಳೆದಳು. ದೋಣಿಯ ರಾಸಿಮ್‌ನನ್ನು ಮದುವೆಯಾದಳು. ಅವನು ಬೇಸಗೆಯಲ್ಲಿ ಪ್ರವಾಸಿಗರನ್ನು ಕೊಲ್ಲಿಗಳ ಕಡೆಗೆ ಕರೆದೊಯ್ದರೆ, ಇವಳು ಅದೇ ದೋಣಿಯ ಹಿಂಬದಿಯಲ್ಲಿ ಮೀನು ಸುಟ್ಟು ಬಡಿಸುತ್ತಿದ್ದಳು. ಇಂಗ್ಲಿಷ್ ಕಲಿತದ್ದು ಆ ಒಲೆಯ ಪಕ್ಕದಲ್ಲಿ. ಅವಳ ಇಂಗ್ಲಿಷಿನಲ್ಲಿ ನಿನ್ನೆ ನಾಳೆಗಳಿರಲಿಲ್ಲ, ಸತ್ತವರೂ ಅದರಲ್ಲಿ ಇವತ್ತೇ ಸಾಯುತ್ತಿದ್ದರು. ಆದರೂ ಅಲೆಗೆ ತಲೆ ತಿರುಗಿ ಕೂತವರನ್ನು ಅದೇ ಭಾಷೆಯಲ್ಲಿ ನಗಿಸುತ್ತಿದ್ದಳು, ಜಗಳವಾಡುವ ಗಂಡ ಹೆಂಡಿರಿಗೆ ಅದೇ ಭಾಷೆಯಲ್ಲಿ ಬುದ್ಧಿ ಹೇಳುತ್ತಿದ್ದಳು. ರಾಸಿಮ್‌ನ ಮೊಣಕಾಲು ಕೈಕೊಟ್ಟ ಮೇಲೆ ದೋಣಿ ಮಾರಿ ಚೌಕದಲ್ಲಿ ಚಹಾ ತೋಟ ತೆರೆದರು. ನಮ್ಮ ಗಣರಾಜ್ಯದ ಸ್ಥಾಪಕ ಅತಾತುರ್ಕರ ಪ್ರತಿಮೆ ಇರುವುದೂ ಅದೇ ಚೌಕದಲ್ಲಿ.

ಕಳೆದ ಶರತ್ಕಾಲದಲ್ಲಿ ಪುರಸಭೆಯ ಅಧ್ಯಕ್ಷ ಫೆರಿದುನ್ ಬೇ ಅವರಿಗೆ ಪ್ರತಿಮೆಯ ಕೆಳಗೆ ಇಂಗ್ಲಿಷ್ ಹಲಗೆಯೊಂದು ಬೇಕೆನಿಸಿತು, ಅದೂ ಗಣರಾಜ್ಯೋತ್ಸವದ ಹೊತ್ತಿಗೆ. ಶಾಲೆಯ ಇಂಗ್ಲಿಷ್ ಮೇಡಂ ಹೆರಿಗೆಗೆಂದು ತವರಿಗೆ ಹೋಗಿದ್ದರು. ಅಧ್ಯಕ್ಷರು ನೇರವಾಗಿ ಅಕ್ಕನ ಬಳಿ ಬಂದು, ನಮ್ಮ ಭಾಷೆಯ ನಾಲ್ಕು ಸಾಲು ಓದಿ ಹೇಳಿ, ಇದನ್ನು ಇಂಗ್ಲಿಷಿಗೆ ಮಾಡಿಕೊಡಬೇಕೆಂದು ಕೇಳಿಕೊಂಡರು. ಅಕ್ಕ ಆ ಮಧ್ಯಾಹ್ನ ಗಿರಾಕಿಗಳಿಗೆ ಚಹಾ ಕೊಡುವುದನ್ನೇ ಮರೆತಳು.

ಹುಟ್ಟಿದ ಊರು, ಗೆದ್ದ ಯುದ್ಧ, ಕಟ್ಟಿದ ಗಣರಾಜ್ಯ, ಎಲ್ಲ ಸಲೀಸಾಗಿ ಮುಗಿಯಿತು. ಹೆಸರಿನ ಹತ್ತಿರ ಬಂದಾಗ ಗಂಡ ಹೆಂಡಿರಿಗೆ ಜಗಳ ಹತ್ತಿಕೊಂಡಿತು.

“ಹೆಸರನ್ನ ಯಾರಾದ್ರೂ ಭಾಷಾಂತರ ಮಾಡ್ತಾರಾ? ಇದ್ದ ಹಾಗೇ ಬಿಡು” ಎಂದ ರಾಸಿಮ್.

“ಇದ್ದ ಹಾಗೇ ಬಿಟ್ರೆ ಅವ್ರಿಗೇನು ಗೊತ್ತಾಗುತ್ತೆ? ನಾವು ಅವರನ್ನ ತಂದೆ ಅಂತೀವಿ ಅನ್ನೋದು ಅವ್ರಿಗೂ ತಿಳೀಲಿ” ಎಂದಳು ಅಕ್ಕ.

ಅವಳ ಅಜ್ಜ ಹೇಳುತ್ತಿದ್ದ ಮಾತು ಅವಳ ಮನಸ್ಸಿನಲ್ಲಿತ್ತು. ಎಲ್ಲರೂ ಕುಲನಾಮ ಇಟ್ಟುಕೊಳ್ಳಬೇಕೆಂಬ ಕಾನೂನು ಬಂದ ವರ್ಷ ಊರಿಗೆ ಊರೇ ಹೆಸರು ಹುಡುಕುತ್ತಿದ್ದಾಗ, ಸಂಸತ್ತು ಅತಾತುರ್ಕ್ ಎಂಬ ಈ ಒಂದು ಹೆಸರನ್ನು ಆ ನಾಯಕರೊಬ್ಬರಿಗೇ ಕೊಟ್ಟಿತಂತೆ. ಅಂಥ ಹೆಸರಿನ ಅರ್ಥ ಪರದೇಶದವರಿಗೆ ತಪ್ಪಿಹೋಗಬಾರದು ಎಂದೇ ಅವಳು, ತಂದೆ ಎಂಬ ಅರ್ಥದ ಅತಾ ಎಂಬಲ್ಲಿ ಫಾದರ್ ಎಂದು ಹಾಕಿಸಿದಳು. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಹಲಗೆ ಏರಿತು, ನೀಲಿ ಅಕ್ಷರಗಳಲ್ಲಿ ‘ಫಾದರ್ ಟರ್ಕ್’. ಅಕ್ಕ ದಾರಿಹೋಕರನ್ನೆಲ್ಲ ಕರೆದು ತೋರಿಸಿದಳು. ನಾನೂ ಗಿರಾಕಿಯ ಕೆನ್ನೆಗೆ ಸಾಬೂನು ಹಚ್ಚಿಟ್ಟು ಹೋಗಿ ನೋಡಿ ಬಂದೆ.

ಹನ್ನೊಂದರ ಹೊತ್ತಿಗೆ ವಿನಿಫ್ರೆಡ್ ಎಂಬ ಹಿರಿಯ ಇಂಗ್ಲಿಷ್ ಹೆಂಗಸು ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಆಮೇಲೆ ಚಹಾ ತೋಟಕ್ಕೆ ಬಂದು ಕೂತಳು. ಹಿಂದೆ ನರ್ಸ್ ಆಗಿದ್ದವಳು, ಮೆತ್ತಗಿನ ಮಾತಿನವಳು.

“ಒಂದು ಕೇಳ್ಲಾ? ಈ ಫಾದರ್ ಯಾವ ಚರ್ಚಿನವ್ರು? ಪಾದ್ರಿಗಳಿಗೆ ಇಷ್ಟು ಗೌರವ ಕೊಡೋ ಊರು ನಾನು ನೋಡೇ ಇಲ್ಲ.”

ಅಕ್ಕನಿಗೆ ಮೊದಲು ಅರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಹೆಸರಿಗೆ ಮೊದಲು ಫಾದರ್ ಬಂದರೆ ಪಾದ್ರಿ ಎಂದೇ ತಿಳಿಯುತ್ತಾರೆ ಎಂದು ವಿನಿಫ್ರೆಡ್ ಬಿಡಿಸಿ ಹೇಳಿದಳು. ಅಕ್ಕನ ಮುಖ ಬಿಳುಪೇರಿತು. ಗಣರಾಜ್ಯ ಕಟ್ಟಿದ ದಂಡನಾಯಕರನ್ನು ತಾನು ಒಂದೇ ಬೆಳಗಿನಲ್ಲಿ ಪಾದ್ರಿ ಮಾಡಿಬಿಟ್ಟಿದ್ದಳು. ಒಳಗಿನಿಂದ ರಾಸಿಮ್ ನಗುವ ಸದ್ದು ಕೇಳಿಸಿತು. ಅವಳು ತಿರುಗಿ ನೋಡಿದಳು, ಸದ್ದು ನಿಂತಿತು. ಕೊನೆಗೆ ಅವಳಿಗೇ ತಡೆಯಲಾಗದೆ ನಕ್ಕು, ಕಣ್ಣೊರೆಸಿಕೊಂಡು, ಏಪ್ರನ್ ಬಿಚ್ಚಿಟ್ಟು ಎದ್ದಳು.

ಹಲಗೆ ಬರೆಯುವ ಟುಂಚ್ ಉಸ್ತಾದನನ್ನು ಊಟದ ಮುಂದಿನಿಂದ ಎಬ್ಬಿಸಿಕೊಂಡು ಬಂದಳು. ಅವನು ಗೊಣಗುತ್ತಲೇ ಆ ಸಾಲಿಗೆ ಬಿಳಿ ಬಣ್ಣ ಬಳಿದ. ಒಣಗಲೆಂದು ರಾಸಿಮ್ ತಟ್ಟೆಯಿಂದ ಗಾಳಿ ಹಾಕಿದ. ಹೊಸದಾಗಿ ‘ಅತಾತುರ್ಕ್’ ಎಂದು ಬರೆದು ಮುಗಿಸಿದಾಗ ಅಕ್ಕ ಮತ್ತೆ ತಕರಾರು ತೆಗೆದಳು. ನಮ್ಮ ಭಾಷೆಯಲ್ಲಿ ಈ ಹೆಸರಿನ U ಅಕ್ಷರದ ತಲೆಯ ಮೇಲೆ ಇಡುವ ಎರಡು ಚುಕ್ಕೆ ಎಲ್ಲಿ?

“ಇಂಗ್ಲಿಷಿನವ್ರ ಹತ್ರ ಆ ಚುಕ್ಕೆ ಇಲ್ಲ ಅಕ್ಕ. ಅವರ ಭಾಷೆ, ಅವರ ಅಕ್ಷರ.”

“ಹೆಸರು ನಮ್ಮದಲ್ವಾ? ಟುಂಚ್ ಅಂದ್ರೆ ಕಂಚು. ನಾಳೆಯಿಂದ ನಿನ್ನನ್ನ ಕಂಚಣ್ಣ ಅಂತ ಕರೀತೀನಿ, ಓಗೊಡ್ತೀಯಾ?”

“ಬೆಳಿಗ್ಗೆ ಫಾದರ್ ಅಂತ ಬರೆಸಿದ್ದು ಯಾರು?”

“ಬೆಳಿಗ್ಗೆ ನಂಗೆ ಬುದ್ಧಿ ಇರ್ಲಿಲ್ಲ, ಈಗ ಬಂದಿದೆ” ಎಂದಳು ಅಕ್ಕ.

ತೀರ್ಪಿಗೆ ವಿನಿಫ್ರೆಡ್‌ಳನ್ನು ಕರೆದರು. ತಮ್ಮ ಕಡೆ ಬಹಳ ಜನ ಚುಕ್ಕೆ ಇಲ್ಲದೆಯೇ ಬರೆಯುತ್ತಾರೆ, ಹಾಕಿ ಬರೆಯುವವರೂ ಇದ್ದಾರೆ, ಎರಡೂ ಓದಿಗೆ ತೊಡಕಲ್ಲ ಎಂದಳು ಅವಳು. ಆದರೆ ಚುಕ್ಕೆ ಇದ್ದರೆ ಹೇಗೆ ಉಚ್ಚರಿಸಬೇಕು ಎಂದು ಕೇಳಿದಳು. ತುಟಿಯನ್ನು ಉ ಎನ್ನುವ ಹಾಗೆ ದುಂಡು ಮಾಡಿ ಒಳಗಿಂದ ಇ ಎನ್ನಬೇಕೆಂದು ಅಕ್ಕ ಮಾಡಿ ತೋರಿಸಿದಳು. ವಿನಿಫ್ರೆಡ್ ಪ್ರಯತ್ನಿಸಿದಳು, ಸೀಟಿ ಹೊರಟಿತು. ಟುಂಚ್ ಕೂಡ ನಕ್ಕುಬಿಟ್ಟ. ನಗುತ್ತ ಅವನು ಬಣ್ಣದ ಡಬ್ಬಿಯನ್ನು ಅಕ್ಕನ ಕಡೆ ಹಿಡಿದ. ಅವಳು ನೀಲಿಯಲ್ಲಿ ಬೆರಳದ್ದಿ ಎರಡು ಚುಕ್ಕೆಗಳನ್ನು ತಾನೇ ಇಟ್ಟಳು. ಎಡಗಡೆಯದು ತುಸು ದಪ್ಪವಾಯಿತು.

ಮರುದಿನ ಬ್ಯಾಂಡು, ಬಾವುಟಗಳ ನಡುವೆ ಫೆರಿದುನ್ ಬೇ ಹಲಗೆಯನ್ನು ಮೆಚ್ಚಿ ಮಾತಾಡಿದರು, ಭಾಷಾಂತರಕ್ಕೆಂದು ಅಕ್ಕನಿಗೆ ಹೂಗುಚ್ಛ ಕೊಟ್ಟರು. ಅಕ್ಕ ಧ್ವನಿವರ್ಧಕದ ಮುಂದೆ ನಿಂತು ನಡೆದದ್ದನ್ನೆಲ್ಲ, ಪಾದ್ರಿಯ ಸಂಗತಿಯನ್ನೂ ಸೇರಿಸಿ, ಊರ ಮುಂದೆ ಹೇಳಿಬಿಟ್ಟಳು. ಚೌಕ ನಗೆಯಿಂದ ತುಂಬಿತು. ಅಧ್ಯಕ್ಷರು ಟೈ ಸರಿಮಾಡಿಕೊಂಡರು, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ಚಳಿಗಾಲ ಅಕ್ಕ ವಯಸ್ಕರ ಇಂಗ್ಲಿಷ್ ತರಗತಿಗೆ ಸೇರಿದಳು. ಮುಂದಿನ ಬೆಂಚಿನಲ್ಲಿ ಕೂತು ಭೂತಕಾಲ ಕಲಿಯುತ್ತಿದ್ದಾಳೆ. ಮನೆಯಲ್ಲಿ ರಾಸಿಮ್ ಚಹಾ ಕೇಳಿದರೆ, ಕೊಟ್ಟಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿ ಪಾಠ ಒಪ್ಪಿಸುತ್ತಾಳೆ. ಅವನು ಎದ್ದು ತಾನೇ ಬಗ್ಗಿಸಿಕೊಳ್ಳುತ್ತಾನೆ.