ಎಷ್ಟು ಮೆಟ್ಟಿಲು ಉಳಿದಿವೆ

ಜಮಖಂಡಿಯ ಪದ್ಮವ್ವ ಟಿವಿಯಲ್ಲಿ ಸುದ್ದಿ ಹೇಳುವವಳಾದದ್ದು ಚಹಾ ಕೊಡಲು ಹೋಗಿ. ಬಾಗಲಕೋಟೆ ಹೊಸ ಜಿಲ್ಲೆಯಾದ ತೊಂಬತ್ತೇಳರ ಮಳೆಗಾಲದಲ್ಲಿ ಆಕೆಯ ಮೈದುನ ಹಾಲೇಶ ಮಾಳಿಗೆಯ ಮೇಲೆ ದೊಡ್ಡದೊಂದು ಡಿಶ್ ಕೂರಿಸಿ ಓಣಿ ಓಣಿಗೆ ಕೇಬಲ್ ಎಳೆದ. ಅಷ್ಟಕ್ಕೆ ಸುಮ್ಮನಿರುವ ಆಸಾಮಿಯಲ್ಲ ಅವನು. ಸಂಜೆ ಏಳೂವರೆಗೆ ಹತ್ತು ನಿಮಿಷ ಊರಿನ ಸುದ್ದಿ ಎಂದು ಸಾರಿ, ನಿವೃತ್ತ ಮಾಸ್ತರರೊಬ್ಬರನ್ನು ಕ್ಯಾಮೆರಾದ ಮುಂದೆ ಕೂರಿಸಿದ. ಮೂವತ್ತು ವರ್ಷ ಮಕ್ಕಳನ್ನು ಗದರಿಸಿದ ಮಾಸ್ತರರು ಆ ಒಂದು ಗಾಜಿಗೆ ಹೆದರಿ ಬಾಯಿ ಕಟ್ಟಿದವರಂತೆ ಕುಳಿತುಬಿಟ್ಟರು. ಚಹಾ ತಂದಿದ್ದ ಪದ್ಮವ್ವ, "ಮಾಸ್ತರ, ಹೊಳಿಗೆ ನೀರ ಬಂದೈತಿ, ಅದನ್ನರ ಹೇಳ್ರಿ" ಎಂದಳು. ಕೊನೆಗೆ ಆಕೆಯೇ ಕಪ್ಪು ಕೆಳಗಿಟ್ಟು ಹೇಳಿದಳು. ಮರುದಿನದಿಂದ ಜನ ಮಾಸ್ತರರನ್ನು ಕೇಳಲಿಲ್ಲ, ಈಕೆಯನ್ನು ಕೇಳಿದರು.

ಹೊಳೆಯ ಮಾತು ಆಕೆಗೆ ಯಾರೂ ಕಲಿಸಿದ್ದಲ್ಲ. ಹುನ್ನೂರಿನ ಕುರಿಗಾರರ ಮಗಳು. ಕುಲದೇವರು ಬೀರಪ್ಪನಿಗೆ ಕೈಮುಗಿದು ಹಿಂಡನ್ನು ಕೃಷ್ಣೆಗೆ ಇಳಿಸುವ ಅಪ್ಪನ ಹಿಂದೆ ಎಂಟು ವರ್ಷದವಳಿದ್ದಾಗಲೇ ನಡೆದಿದ್ದಳು. ಕುರಿಯ ಹೊಟ್ಟೆಗೆ ನೀರು ತಾಗಿದರೆ ದಾಟಬಹುದು, ಬೆನ್ನಿಗೆ ಬಂದರೆ ಹಿಂದಿರುಗಬೇಕು. ಅವರ ಅಳತೆ ಅಷ್ಟೇ, ಅದು ಎಂದೂ ತಪ್ಪಿದ್ದಿಲ್ಲ.

ಆದ್ದರಿಂದ ಪದ್ಮವ್ವನ ಸುದ್ದಿಯಲ್ಲಿ ಅಡಿ, ಮೀಟರು ಎಂಬ ಶಬ್ದಗಳೇ ಇರಲಿಲ್ಲ. ದೋಣಿ ನಡೆಸುವ ಗಂಗಾರಾಮ ದಿನಾ ಸಂಜೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಕೃಷ್ಣೆಯ ದಂಡೆಯ ತನ್ನ ದೋಣಿಘಟ್ಟದಲ್ಲಿ ನೀರಿನ ಮೇಲೆ ಎಷ್ಟು ಮೆಟ್ಟಿಲು ಉಳಿದಿವೆ ಎಂದು ಹೇಳುತ್ತಿದ್ದ. ಮುಧೋಳದಲ್ಲಿ ಘಟಪ್ರಭೆಯ ಹಳೆಯ ಸೇತುವೆಯ ಬಳಿ ಚಹಾದಂಗಡಿ ಇಟ್ಟಿದ್ದ ದಾನೇಶ್ವರಿ, ಸೇತುವೆಯ ಕಮಾನು ಎಷ್ಟು ಮುಚ್ಚಿದೆ ಎಂದು ತಿಳಿಸುತ್ತಿದ್ದಳು. ಬೀಳಗಿಯ ಕಡೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ಜನ ಬಿಟ್ಟುಹೋದ ಊರೊಂದರಲ್ಲಿ ಶಾಲೆಯ ಗೋಡೆ ಇನ್ನೂ ನಿಂತಿತ್ತು. ನೀರು ಅದರ ಹೊಸ್ತಿಲಲ್ಲಿದೆಯೋ ಕಿಟಕಿಯಲ್ಲಿದೆಯೋ ಎಂದು ಗುಡ್ಡದ ಮೇಲಿನ ಹೊಸ ಊರಿನಿಂದ ಒಬ್ಬರು ನೋಡಿ ಹೇಳುತ್ತಿದ್ದರು. ಎಲ್ಲವನ್ನೂ ಪದ್ಮವ್ವ ಮನೆಮಾತಿನಲ್ಲೇ ಹೇಳುವಳು. ಕೇಳಿದವನು ಎದ್ದು ಪಂಪ್‌ಸೆಟ್ ಬಿಚ್ಚಿಕೊಂಡು ಬರಬೇಕೋ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಬಹುದೋ ಎಂದು ಅಲ್ಲೇ ತಿಳಿಯುತ್ತಿತ್ತು.

ಹಾಲೇಶನಂತೆಯೇ ಮುಧೋಳ, ಬೀಳಗಿ, ಬನಹಟ್ಟಿಗಳಲ್ಲೂ ಒಬ್ಬೊಬ್ಬರು ಡಿಶ್ ಹಾಕಿ, ತಮ್ಮ ತಮ್ಮ ಊರಿನ ಚಾನೆಲ್ ನಡೆಸುತ್ತಿದ್ದರು. ನಾಲ್ವರಲ್ಲೂ ಜಗಳ, ನಾಲ್ವರಲ್ಲೂ ಒಡನಾಟ. ಒಬ್ಬನ ಯಂತ್ರ ಕೆಟ್ಟರೆ ಇನ್ನೊಬ್ಬ ಬಸ್ಸಿನಲ್ಲಿ ಕಳಿಸುವನು. ಎರಡು ಸಾವಿರದ ಮೂರರಲ್ಲಿ ದೂರದ ದೊಡ್ಡ ಊರಿನ ಕಂಪನಿಯೊಂದು ಬಂದು ನಾಲ್ಕನ್ನೂ ಒಟ್ಟಿಗೇ ಕೊಂಡಿತು. ಹೆಸರು ಉದ್ದವಿತ್ತು; ಜನ ಅದನ್ನು ನೆಟ್‌ವರ್ಕಿನವರು ಎಂದಷ್ಟೇ ಕರೆದರು. ನಾಲ್ಕೂ ಕಡೆ ಒಂದೇ ನೀಲಿ ಬೋರ್ಡು ಬಂತು, ಒಡೆಯರಾಗಿದ್ದ ನಾಲ್ವರೂ ನೌಕರರಾದರು. ಆನೆ ನಡೆದದ್ದೇ ದಾರಿ. ಹಾಲೇಶ ಹೊಸ ಬೋರ್ಡಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡ, ಒಳಗೆ ಬಂದು ಊಟ ಬಿಟ್ಟ.

ಎರಡು ವರ್ಷ ಸುದ್ದಿಯ ತಂಟೆಗೆ ಯಾರೂ ಬರಲಿಲ್ಲ. ಎರಡು ಸಾವಿರದ ಐದರ ಜೂನ್‌ನಲ್ಲಿ ನೆಟ್‌ವರ್ಕಿನ ಜಿಲ್ಲಾ ಮ್ಯಾನೇಜರ್ ಸಿದ್ದಾರೂಢ ಬಂದ. ಮುಧೋಳ ಸೀಮೆಯವನೇ, ಮೆತ್ತಗಿನ ಮನುಷ್ಯ. ಇನ್ನು ಮೇಲೆ ನಾಲ್ಕೂ ಊರಿಗೆ ಒಂದೇ ಸುದ್ದಿ, ಅದು ಮುಖ್ಯ ಕಚೇರಿಯಿಂದ ಬರುತ್ತದೆ, ಊರಿನ ಸುದ್ದಿ ನಿಲ್ಲಿಸಬೇಕು, ಪದ್ಮವ್ವ ಊರಿನ ಜಾಹೀರಾತು ಓದಿಕೊಂಡಿರಲಿ ಎಂದ.

"ನಿಲ್ಲಸ್ರಿ ಸರ. ಮದವಿ, ಮುಂಜಿವಿ, ಸನ್ಮಾನ ಎಲ್ಲಾ ನಿಲ್ಲಸ್ರಿ," ಎಂದಳು ಪದ್ಮವ್ವ. "ನೀರಿಂದು ಎರಡ ಮಾತು ಬಿಡ್ರಿ. ಎರಡ ನಿಮಿಷ ಸಾಕು."

"ನೀರಿನ ಮಟ್ಟಾನೂ ಅವರ ಓದ್ತಾರ ಅಕ್ಕಾರ. ಡ್ಯಾಮಿನ ಲೆಕ್ಕ, ಮೀಟರ್‌ನ್ಯಾಗ. ಸರಕಾರಿ ಲೆಕ್ಕ."

"ಡ್ಯಾಮ ಅಲ್ಲೈತಿ, ನಾವ ಇಲ್ಲಿ ಅದೇವಿ."

ಸಿದ್ದಾರೂಢ ನಕ್ಕ. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ. ಆಕೆಯ ಮಾತು ಅವನಿಗೂ ಖರೆ ಅನ್ನಿಸಿತು, ಆದರೆ ಮೇಲಿನವರಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಪದ್ಮವ್ವ ಮುಖ್ಯ ಕಚೇರಿಗೆ ಮೂರು ಪತ್ರ ಬರೆದಳು, ಒಂದಕ್ಕೂ ಉತ್ತರವಿಲ್ಲ. ನಾಲ್ಕನೆಯದನ್ನೂ ಬರೆದಳು. ಗಂಗಾರಾಮನಿಗೆ ಮಾತ್ರ, "ನೀ ಫೋನ್ ಮಾಡೂದ ಬಿಡಬ್ಯಾಡಪಾ. ಹೇಳಾಕ ಜಾಗಾ ನಾ ಹುಡುಕತೇನಿ" ಎಂದಳು.

ಜುಲೈ ಕೊನೆಯಲ್ಲಿ ಮಹಾರಾಷ್ಟ್ರದ ಬೆಟ್ಟಸಾಲಿನಲ್ಲಿ ಮಳೆ ಹಿಡಿಯಿತು. ನೆಟ್‌ವರ್ಕಿನ ಸುದ್ದಿ ಓದುವ ಹುಡುಗಿ ಮೂರು ಸಂಜೆ ಒಂದೇ ಅಂಕಿ ಓದಿದಳು: ಜಲಾಶಯದ ಮಟ್ಟ ಐನೂರಾ ಹತ್ತೊಂಬತ್ತು ಮೀಟರ್, ನಿನ್ನೆಯಷ್ಟೇ ಇದೆ. ಆಕೆ ಓದಿದ್ದರಲ್ಲಿ ಸುಳ್ಳಿರಲಿಲ್ಲ. ಗೇಟು ತೆರೆದು ಬಂದಷ್ಟು ನೀರನ್ನು ಬಿಡುತ್ತಿದ್ದರೆ ಅಣೆಕಟ್ಟಿನ ಬಾಯಲ್ಲಿ ಅಂಕಿ ಅಲ್ಲಾಡುವುದಿಲ್ಲ. ಆದರೆ ಅಣೆಕಟ್ಟಿಗಿಂತ ಎಷ್ಟೋ ಮೇಲಿರುವ ಜಮಖಂಡಿಯ ದಂಡೆಯಲ್ಲಿ, ಮೇಲಿನಿಂದ ಬರುವ ಹೊಳೆ ಏರುತ್ತಲೇ ಇರುತ್ತದೆ. ನಿನ್ನೆಯಷ್ಟೇ ಎಂಬ ಮಾತನ್ನು ದಂಡೆಯ ಊರಿನ ಹೊಟೇಲಿನ ಟಿವಿಯಲ್ಲಿ ಕೇಳಿದ ಬಸಗೊಂಡಪ್ಪ ನಿಶ್ಚಿಂತೆಯಿಂದ ಹೊಳೆಯ ನಡುಗಡ್ಡೆಗೆ ಹಿಂದಿರುಗಿದ. ಅಲ್ಲಿ ಅವನ ಮುನ್ನೂರು ಕುರಿ, ಮನೆಯ ಆರು ಮಂದಿ. ಬರಲು ಹೋಗಲು ಒಂದೇ ತಗ್ಗಿನ ಹಾದಿ. ಅವನು ಪದ್ಮವ್ವನ ತವರಿನವನು, ಆಕೆ ಕಾಕಾ ಎಂದು ಕರೆಯುವ ಮನುಷ್ಯ.

ಮರುದಿನ ಸಂಜೆ ಆರಕ್ಕೆ ಗಂಗಾರಾಮನ ಫೋನ್ ಬಂತು. "ಅಕ್ಕಾ, ಮುಂಜಾನಿ ಹನ್ನೊಂದ ಮೆಟ್ಟಲಾ ಇದ್ದೂವು. ಈಗ ಐದ ಉಳದಾವ. ದೋಣಿ ಕಟ್ಟಿಬಿಟ್ಟೇನಿ, ಸೆಳವಿಗೆ ಇಳ್ಯಾಕ ಆಗೂದಿಲ್ಲ. ಬಸಗೊಂಡಪ್ಪ ಇನ್ನೂ ನಡಗಡ್ಡ್ಯಾಗ ಅದಾನ."

ಪದ್ಮವ್ವ ಬಾಗಲಕೋಟೆಗೆ ಸಿದ್ದಾರೂಢನಿಗೆ ಫೋನ್ ಮಾಡಿದಳು. ಮೇಲಿನವರ ಅಪ್ಪಣೆ ಬೇಕು, ಬರೆದು ಕೊಡಿ, ನಾಳೆ ಕಳಿಸುತ್ತೇನೆ ಎಂದ. "ನಾಳೆ" ಎಂಬ ಶಬ್ದ ಕೇಳಿದ ಮೇಲೆ ಆಕೆ ಫೋನ್ ಕೆಳಗಿಟ್ಟಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮಾಳಿಗೆಯ ಮೆಟ್ಟಿಲು ಹತ್ತಿದಳು. ಹಾಲೇಶ ಯಂತ್ರಗಳ ಮುಂದೆ ಕುಳಿತಿದ್ದ. ಪರದೆಯಲ್ಲಿ ಆ ದಿನಗಳಲ್ಲಿ ಊರೇ ನೋಡುತ್ತಿದ್ದ ಧಾರಾವಾಹಿ. ಅತ್ತೆ ಸೊಸೆಗೆ ಹೊಡೆಯಲು ಕೈ ಎತ್ತಿದ್ದಳು.

"ಇದನ್ನ ಕಡದ ನನ್ನ ಹಾಕ, ಹಾಲೇಶಾ."

"ವೈನಿ, ನೌಕರಿ ಹೋಗತೈತಿ. ನಿಂದಷ್ಟ ಅಲ್ಲ, ನಂದೂ."

"ನಾನ ವಯರ್ ಕಿತ್ತೇನಿ ಅಂತ ಹೇಳ. ಯಾವದು ವಯರ್, ತೋರಸ."

ಹಾಲೇಶ ಅತ್ತಿಗೆಯ ಮುಖ ನೋಡಿದ. ತೋರಿಸಲಿಲ್ಲ, ತಾನೇ ಕಿತ್ತ.

ಅತ್ತೆಯ ಎತ್ತಿದ ಕೈ ಮಾಯವಾಗಿ, ತಲೆ ಕೆದರಿದ ಪದ್ಮವ್ವ ಮನೆಮನೆಗಳಲ್ಲಿ ಕಾಣಿಸಿಕೊಂಡಳು. "ಧಾರಾವಾಹಿ ನಿಲ್ಲಿಸಿದಾಕಿ ನಾನ. ಬೈಯೂದಿದ್ರ ನಾಳೆ ಬೈರಿ. ಗಂಗಾರಾಮನ ಘಟ್ಟದಾಗ ಐದ ಮೆಟ್ಟಲಾ ಉಳದಾವ. ನಡಗಡ್ಡ್ಯಾಗ ಬಸಗೊಂಡಪ್ಪ ಕಾಕಾನ ಕುರಿ ಅದಾವ, ಆರ ಮಂದಿ ಅದಾರ. ದಂಡೀ ಊರಾಗ ಯಾರರ ನೋಡಾಕತ್ತಿದ್ರ ಈಗ ಎದ್ದ ಹೋಗ್ರಿ. ಒಂದ ತಾಸಿನ ಮ್ಯಾಲ ಆ ಹಾದಿ ಇರೂದಿಲ್ಲ."

ಇದನ್ನೇ ಮೂರು ಸಲ ಹೇಳಿ ಎದ್ದಳು. ಅಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತ್ತು. ಹೆಚ್ಚಿನವರು ಕೇಳಿದ್ದು ಸೊಸೆಗೆ ಪೆಟ್ಟು ಬಿತ್ತೋ ಇಲ್ಲವೋ ಎಂದು. ಆದರೆ ದಂಡೆಯ ಹೊಟೇಲಿನಲ್ಲಿ ಚಹಾ ಕುಡಿಯುತ್ತಿದ್ದ ಹತ್ತು ಮಂದಿ ಲೋಟ ಬಿಟ್ಟು ಓಡಿದ್ದರು. ಅವರು ತಗ್ಗು ತಲುಪಿದಾಗ ನೀರು ಕುರಿಯ ಹೊಟ್ಟೆಯ ಮಟ್ಟಕ್ಕಿತ್ತು. ಮರಿಗಳನ್ನು ಹೆಗಲ ಮೇಲೆ ಹೊತ್ತು, ಹಿಂಡನ್ನು ಅಟ್ಟಿ, ಎಲ್ಲರನ್ನೂ ಈಚೆ ತಂದರು. ನಾಲ್ಕು ಮರಿ ಹೋದವು. ಬೆಳಗಾದಾಗ ಬಸಗೊಂಡಪ್ಪ ಮಲಗುತ್ತಿದ್ದ ಜಾಗದಲ್ಲಿ ಜಾಲಿ ಮರದ ತುದಿಯಷ್ಟೇ ಕಾಣುತ್ತಿತ್ತು. ಅವನು ದಂಡೆಯ ಮೇಲೆ ಕುಳಿತು ಆ ನಾಲ್ಕು ಮರಿಗಳಿಗಾಗಿ ಅತ್ತ.

ಮೂರನೆಯ ದಿನ ಸಿದ್ದಾರೂಢ ಜೀಪಿನಲ್ಲಿ ಬಂದ. ಕೈಯಲ್ಲಿ ಟೈಪ್ ಮಾಡಿಸಿದ ಹಾಳೆ. ತಪ್ಪಾಯಿತು, ಇನ್ನೊಮ್ಮೆ ಪ್ರಸಾರ ತಡೆಯುವುದಿಲ್ಲ ಎಂದು ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಎಂದ. ಹಾಲೇಶನನ್ನು ಆತ ಆಗಲೇ ಉಳಿಸಿಕೊಂಡಿದ್ದ.

ಪದ್ಮವ್ವ ಹಾಳೆಯನ್ನು ಪೂರ್ತಿ ಓದಿದಳು. ಆ ಕೆಲಸದ ಮೇಲೆ ಆಕೆಗೆ ಆಸೆಯಿತ್ತು. ಎಂಟು ವರ್ಷ ಕುಳಿತ ಕುರ್ಚಿ. ಪೇಟೆಗೆ ಹೋದರೆ ಜನ ಗುರುತು ಹಿಡಿದು ಮಾತಾಡಿಸುತ್ತಿದ್ದರು, ಅದು ಆಕೆಗೆ ಹಿಡಿಸಿತ್ತು. ಆದರೂ ಹಾಳೆ ಮಡಚಿ ಹಿಂದೆ ಕೊಟ್ಟಳು. "ತಪ್ಪಾತು ಅಂತ ಬರದ್ರ, ಮುಂದಿನ ಸಲ ಸುಮ್ಮನ ಕುಂದರಬೇಕಾಗತೈತಿ ಸರ. ನನ್ನ ಕೈಲೆ ಆಗೂದಿಲ್ಲ."

ಸಿದ್ದಾರೂಢ ಎದ್ದ. ಬಾಗಿಲ ತನಕ ಹೋದವನು ಅಲ್ಲೇ ನಿಂತ. ಆಮೇಲೆ ಧ್ವನಿ ತಗ್ಗಿಸಿ, "ಅಕ್ಕಾರ, ನಮ್ಮವ್ವ ಊರಾಗ ಒಬ್ಬಾಕೀನ ಅದಾಳ. ಹಳೇ ಸೇತುವೆ ಕೆಳಗಿನ ಓಣಿ. ಫೋನ್ ಹತ್ತವಲ್ದು. ಮುಧೋಳದಾಗ ನೀರ ಎಲ್ಲಿಗೆ ಬಂದೈತಿ?" ಎಂದ.

ತಾನೇ ಜಾರಿಗೆ ತಂದ ಮುಖ್ಯ ಕಚೇರಿಯ ಸುದ್ದಿಯನ್ನು ಅವನು ಮೂರು ದಿನವೂ ನೋಡಿದ್ದ. ಅದರಲ್ಲಿ ಅವನಿಗೆ ಬೇಕಾದ ಒಂದು ಮಾತೂ ಇರಲಿಲ್ಲ.

"ಕಮಾನು ಪೂರಾ ಮುಚ್ಚೈತಿ, ದಾನೇಶ್ವರಿ ಅಂಗಡಿ ಎತ್ಯಾಳ," ಎಂದಳು ಪದ್ಮವ್ವ. "ಇಲ್ಲಿ ನಿಂದರಬ್ಯಾಡ್ರಿ. ಅವ್ವನ್ನ ಇವತ್ತ ಕರಕೊಂಡ ಬರ್ರಿ."

ಅವನು ಹೋಗಿ ತಾಯಿಯನ್ನು ಕರೆತಂದ. ಪದ್ಮವ್ವನ ಕೆಲಸ ಮಾತ್ರ ಉಳಿಯಲಿಲ್ಲ; ಸಹಿಯಿಲ್ಲದ ಹಾಳೆಯನ್ನು ಮುಖ್ಯ ಕಚೇರಿ ಒಪ್ಪಲಿಲ್ಲ. ಆದರೆ ಮುಂದಿನ ಮಳೆಗಾಲದಿಂದ ನೆಟ್‌ವರ್ಕಿನ ಸುದ್ದಿಯ ಕೊನೆಯಲ್ಲಿ ಎರಡು ನಿಮಿಷ ಮೆಟ್ಟಿಲು, ಕಮಾನು, ಕಿಟಕಿಗಳ ಮಾತು ಬಂತು. ಹೇಗೆ ಬಂತೆಂದು ಸಿದ್ದಾರೂಢ ಯಾರಿಗೂ ಹೇಳಲಿಲ್ಲ. ಸಂಜೆ ಆರೂವರೆಗೆ ಅವನ ಕಚೇರಿಯಿಂದ ಪದ್ಮವ್ವನ ಮನೆಗೆ ಫೋನ್ ಬರುತ್ತಿತ್ತು, ಆಕೆ ಹೇಳುತ್ತಿದ್ದಳು. ಟಿವಿಯಲ್ಲಿ ಆಕೆಯ ಹೆಸರಿಲ್ಲ. ಹಾಲೇಶನಿಗೆ ಅದಕ್ಕೇ ಸಿಟ್ಟು. "ನೀರಿಗೆ ನನ್ನ ಹೆಸರ ಯಾಕ ಬೇಕೋ?" ಎನ್ನುವಳು. ನೋವಿರಲಿಲ್ಲವೆಂದಲ್ಲ. ಮೊದಲ ವರ್ಷ ಆ ಎರಡು ನಿಮಿಷ ಬರುವಾಗ ಎದ್ದು ಒಳಗೆ ಹೋಗುತ್ತಿದ್ದಳು.

ಎರಡು ಸಾವಿರದ ಒಂಬತ್ತರಲ್ಲಿ ಮತ್ತೆ ಹೊಳೆ ಉಕ್ಕಿತು. ಒಂದು ಸಂಜೆ ಹೊಸದಾಗಿ ಬಂದ ಹುಡುಗನೊಬ್ಬ, ಗಂಗಾರಾಮನ ಘಟ್ಟದಲ್ಲಿ ಆರು ಮೆಟ್ಟಿಲು ಎಂದು ಓದಿ ಮುಗಿಸಿದ, ಪರದೆಗೆ ಕ್ರಿಕೆಟ್ ಬಂತು. ಪದ್ಮವ್ವ ಕೊಟ್ಟದ್ದು ನಾಲ್ಕು. ಆಕೆ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿದಳು.

"ನಾಕ. ಆರ ಅಲ್ಲ. ಮತ್ತೊಮ್ಮೆ ಓದ್ರಿ."

ಸುದ್ದಿ ಮುಗಿಯಿತು ಮೇಡಂ, ನಾಳೆ ಸರಿಪಡಿಸುತ್ತೇವೆ ಎಂದರು ಆ ಕಡೆಯವರು.

"ಇವತ್ತ," ಎಂದಳು ಪದ್ಮವ್ವ. ಒಲೆಯ ಮೇಲಿನ ರೊಟ್ಟಿ ಸೀಯುತ್ತಿತ್ತು. ಕ್ರಿಕೆಟ್ ನಿಂತು, ಹುಡುಗ ಮತ್ತೆ ಪರದೆಗೆ ಬಂದು ನಾಲ್ಕು ಎಂದು ಓದುವ ತನಕ ಆಕೆ ಫೋನ್ ಕೆಳಗಿಡಲಿಲ್ಲ.