ಭಾಷಣಗಳನ್ನು ಅಳಿಸಿದ ಮೇಲೆ

ಧಾರವಾಡದ ಕಾಲೇಜೊಂದರ ಸಭಾಭವನದಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಯ ನಿರ್ಣಾಯಕಿಯಾಗಿ ಕುಳಿತಿದ್ದಾಗ, ನನ್ನದೇ ವಾಕ್ಯಗಳು ಅಪರಿಚಿತನೊಬ್ಬನ ಬಾಯಿಂದ ಹೊರಬರುವುದನ್ನು ಕೇಳಿದೆ. ಅಂತರ್ಜಾಲ ಯುವಜನರನ್ನು ದಾರಿ ತಪ್ಪಿಸುತ್ತಿದೆಯೇ ಎಂಬುದು ಅಂದಿನ ವಿಷಯ. ಹುಡುಗ ವೇದಿಕೆಯ ಅಂಚಿಗೆ ಬಂದು, ಬಲಗೈ ಎತ್ತಿ, "ಇಂದಿನ ಯುವಕ ಗ್ರಂಥಾಲಯದ ಮುಂದೆ ನಿಂತಿಲ್ಲ ಮಾನ್ಯರೇ, ಸೈಬರ್ ಕೆಫೆಯ ಮುಂದೆ ಸಾಲುಗಟ್ಟಿ ನಿಂತಿದ್ದಾನೆ!" ಎಂದು ಗುಡುಗಿದ. ಅವನ ಅಂಗಿಯ ಕಿಸೆಯಲ್ಲಿ ಮೊಬೈಲು ಮಿನುಗುತ್ತಿತ್ತು. ಸೈಬರ್ ಕೆಫೆಯ ಒಳಗೆ ಅವನು ಕಾಲಿಟ್ಟಿರಲಾರ. ನಾನು ಆ ವಾಕ್ಯವನ್ನು ಬರೆದದ್ದೇ ಅಂಥದೊಂದು ಕೆಫೆಯ ಕುರ್ಚಿಯಲ್ಲಿ ಕುಳಿತು.

ಮುಕ್ತಾಯಕ್ಕೆ ಬಂದಾಗ ಅವನು ಮುಷ್ಟಿ ಬಿಗಿದು, ಸ್ವರವನ್ನು ಇನ್ನೂ ಒಂದು ಮೆಟ್ಟಿಲು ಏರಿಸಿ, "ಈ ವಾದದ ಉಳಿದ ಭಾಗಕ್ಕೆ ಮುಂದಿನ ಪುಟವನ್ನು ನೋಡಿರಿ!" ಎಂದ. ಸಭೆ ಚಪ್ಪಾಳೆ ತಟ್ಟಿತು.

ಆ ಸೂಚನೆ ನನ್ನ ಜಾಲತಾಣದಲ್ಲಿ ಪುಟದ ಅಡಿಯಲ್ಲಿ ಇದ್ದದ್ದು. ಪದವಿ ಓದುತ್ತಿದ್ದಾಗ, ಕನ್ನಡ ಮಾಧ್ಯಮದಲ್ಲಿ ಕಲಿತು ಬಂದವರಿಗಾಗಿ, ಕೈಹಿಡಿದು ಕಲಿಸುವ ಹಿರಿಯರಿಲ್ಲದ ಸಣ್ಣ ಕಾಲೇಜುಗಳ ಮಕ್ಕಳಿಗಾಗಿ, ನಾನು ಅದನ್ನು ಕಟ್ಟಿದ್ದೆ. ಪ್ರತಿ ವಿಷಯಕ್ಕೂ ಪರವಾಗಿ ಒಂದು, ವಿರೋಧವಾಗಿ ಒಂದು ಮಾದರಿ ಭಾಷಣ. ಎರಡನ್ನೂ ಓದಿದವರು ಮೂರನೆಯದನ್ನು ತಾವೇ ಯೋಚಿಸುತ್ತಾರೆ ಎಂಬುದು ನನ್ನ ನಂಬಿಕೆ. ಆಮೇಲೆ ಹುಬ್ಬಳ್ಳಿಯ ವಿಮಾ ಕಚೇರಿಯಲ್ಲಿ ನೌಕರಿ, ಮದುವೆ, ನವನಗರದಲ್ಲಿ ಮನೆ. ಹೊಸದಾಗಿ ಕಟ್ಟುತ್ತೇನೆ ಎಂದು ಪ್ರತಿ ವರ್ಷ ಹೇಳಿಕೊಂಡೆ. ಜಾಲತಾಣ ಇದ್ದಲ್ಲೇ ಇತ್ತು.

ಹುಡುಗನ ಬೆನ್ನಿಗೇ ವಿರೋಧ ಪಕ್ಷದಿಂದ ಬಂದವಳು ನನ್ನ ವಿರೋಧದ ಭಾಷಣವನ್ನು ಒಪ್ಪಿಸಿದಳು. ನನ್ನ ಎರಡು ಭಾಷಣಗಳು ಒಂದರ ಮಾತನ್ನು ಇನ್ನೊಂದು ಕೇಳಿಸಿಕೊಳ್ಳದೆ ಆ ವೇದಿಕೆಯ ಮೇಲೆ ಹಾದುಹೋದವು.

ಪಕ್ಕದಲ್ಲಿದ್ದ ಇನ್ನೊಬ್ಬ ನಿರ್ಣಾಯಕರು, ಕಾಲೇಜಿನಲ್ಲಿ ನನಗೆ ಚರ್ಚೆಯನ್ನು ಕಲಿಸಿದ ಗುರುಗಳು. ಅವರು ನನ್ನ ಕಡೆ ವಾಲಿ ಪಿಸುಗುಟ್ಟಿದರು: "ಎಷ್ಟ ಛಲೋ ಮಾತಾಡಿದ ನೋಡವಾ ಆ ಹುಡುಗ. ಒಂದ ಕಡೆನೂ ತಡವರಿಸಲಿಲ್ಲ."

"ಸರ್, ಅದು ನಾ ಬರದದ್ದರಿ."

"ಹೌದೇನು? ಹಂಗಾದ್ರ ಛಲೋ ಇರದ ಏನ್ ಮಾಡ್ತದ!"

"ಕಡೀಗೆ ಮುಂದಿನ ಪುಟ ನೋಡ್ರಿ ಅಂದನಲ್ರಿ, ಸರ್."

"ಅಂದನೇನು? ನಾ ಮಾರ್ಕ್ಸ್ ಹಾಕ್ಲಿಕತ್ತಿದ್ದೆ."

ಅಂಕದ ಹಾಳೆಯಲ್ಲಿ ಹಾವಭಾವ, ಧ್ವನಿ, ನಿರರ್ಗಳತೆ ಎಂಬ ಮೂರು ಕಾಲಮುಗಳಲ್ಲಿ ಅವರು ತುಂಬು ಅಂಕ ಕೊಟ್ಟಿದ್ದರು. ಎದುರಾಳಿಗೆ ಉತ್ತರ ಕೊಟ್ಟರೋ ಇಲ್ಲವೋ ಎಂಬುದಕ್ಕೆ ಅಲ್ಲಿ ಕಾಲಮೇ ಇರಲಿಲ್ಲ. ನಮ್ಮ ಊರುಗಳಲ್ಲಿ ಚರ್ಚೆಯೆಂದರೆ ಬಹುಕಾಲದಿಂದ ಇದೇ: ಬಾಯಿಪಾಠದ ಭಾಷಣ, ಗಂಟೆಯ ಸದ್ದು, ಚಪ್ಪಾಳೆ, ಕೊನೆಗೊಂದು ಬಹುಮಾನದ ಢಾಲು. ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ, ಪ್ರಶ್ನಿಸಿದರೆ ಉದ್ಧಟತನ.

ಒಬ್ಬಳು ಮಾತ್ರ ಪ್ರಶ್ನಿಸಿದಳು. ಸತ್ತೂರಿನಿಂದ ಬರುತ್ತಿದ್ದ, ಬಿ.ಎ. ಮೊದಲ ವರ್ಷದ ಹುಡುಗಿ. ಕೈಯಲ್ಲಿ ಚೀಟಿ ಇರಲಿಲ್ಲ. ಕೆಫೆಯ ಮಾತು ಹೇಳಿದ ಹುಡುಗನತ್ತ ತಿರುಗಿ, "ಅಣ್ಣಾರು ಸೈಬರ್ ಕೆಫೆ ಅಂದ್ರು. ನಮ್ಮ ಕಡೆ ಅದು ಮುಚ್ಚಿ ಎಗ್‌ರೈಸ್ ಅಂಗಡಿ ಆಗೇತ್ರಿ. ಅದರ ಮುಂದ ಸಾಲು ಹಚ್ಚಿದವ್ರು ದಾರಿ ತಪ್ಪಿಲ್ರಿ, ಹಸದಾರ ಅಷ್ಟ" ಎಂದಳು. ಸಭೆ ಗೊಳ್ಳೆಂದಿತು. ಆದರೆ ಆ ನಗುವಿಗೆ ಅವಳೇ ಗಲಿಬಿಲಿಗೊಂಡಳು; ಮುಂದಿನ ಮಾತು ಕೈಕೊಟ್ಟಿತು. ಗಂಟೆ ಬಾರಿಸುವ ಮೊದಲೇ ಇಳಿದು ಹೋದಳು. ಗುರುಗಳು ತಲೆಯಲ್ಲಾಡಿಸಿದರು: "ತಯಾರಿ ಇಲ್ಲವಾ ಅಕಿದು."

ನಾನು ಅವಳಿಗೇ ಹೆಚ್ಚು ಅಂಕ ಕೊಟ್ಟೆ. ಉಳಿದ ನಿರ್ಣಾಯಕರ ಅಂಕಗಳ ಮುಂದೆ ಅದು ನಿಲ್ಲಲಿಲ್ಲ. ಢಾಲು ಹುಡುಗನ ಪಾಲಾಯಿತು. ಅಷ್ಟಕ್ಕೇ ಮುಗಿಯಲಿಲ್ಲ, ಗುರುಗಳು ಧ್ವನಿವರ್ಧಕ ಹಿಡಿದು ನನ್ನ ಜಾಲತಾಣದ ಹೆಸರು ಹೇಳಿ, "ಎಲ್ಲಾರೂ ಇದರ ಸದುಪಯೋಗ ಪಡಕೋಬೇಕು" ಎಂದು ಉಪದೇಶಿಸಿದರು.

ಹೊರಗೆ ಗೇಟಿನ ಬಳಿ ಆ ಹುಡುಗಿ ನನ್ನನ್ನು ತಡೆದಳು. "ಮ್ಯಾಡಮ್, ಅದು ನಿಮ್ಮ ವೆಬ್‌ಸೈಟ್ ಅಂತಲ್ರಿ. ಮುಂದಿನ ತಿಂಗಳ ಯುನಿವರ್ಸಿಟಿ ಸ್ಪರ್ಧಾಕ್ಕೂ ಇದ ವಿಷಯ ಐತ್ರಿ, ನಾನೂ ಅದನ್ನ ಬಾಯಿಪಾಠ ಮಾಡ್ತೇನ್ರಿ. ಇವತ್ತ ನನಗ ಬುದ್ಧಿ ಬಂತು."

"ನೀನು ಇವತ್ತ ಮಾತಾಡಿದ್ದ ಛಲೋ ಇತ್ತು."

"ಛಲೋ ಇದ್ರ ಢಾಲ ಯಾಕ ಅವ್ಗ ಕೊಟ್ರಿ?"

ಅವಳು ನನ್ನ ಫೋನ್ ನಂಬರು ಕೇಳಿ ಬರೆದುಕೊಂಡು ಹೋದಳು. ನನಗೆ ಉಳಿದದ್ದು ಒಂದೇ ಚಿಂತೆ. ಆ ಇಡೀ ಸಭಾಭವನದಲ್ಲಿ ಸ್ವಂತ ತಲೆಯಿಂದ ಮಾತನಾಡಿದ ಒಬ್ಬಳೇ ಒಬ್ಬಳು, ಇನ್ನು ಮುಂದೆ ನನ್ನ ಹಳೆಯ ವಾಕ್ಯಗಳನ್ನು ಗಿಳಿಯಂತೆ ಒಪ್ಪಿಸಲಿದ್ದಳು.

ಮನೆಗೆ ಬಂದಾಗ ಗಂಡ ನನ್ನ ಮುಖ ನೋಡಿ, "ಯಾಕ, ಹಳಸಿದ್ದು ಏನರ ತಿಂದಿ ಏನ?" ಎಂದರು.

"ತಿಂದಿಲ್ರಿ. ಮಂದಿಗೆ ತಿನ್ನಿಸೇನಿ."

ಸಂಗತಿಯನ್ನೆಲ್ಲ ಕೇಳಿ ಅವರು ನಕ್ಕರು. "ಈ ದೀಪಾವಳಿಗೆ ರಿಪೇರಿ ಮಾಡ್ತೇನಿ, ಮುಂದಿನ ದೀಪಾವಳಿಗೆ ಮಾಡ್ತೇನಿ ಅಂತಿದ್ದಿ. ಈಗರ ಮಾಡ್ತಿಯೋ, ಇಲ್ಲಾ ಪಂಚಾಂಗ ತರ್ಲೋ?"

ಮರುದಿನ ರವಿವಾರ. ಮಧ್ಯಾಹ್ನ ಊಟವಾದ ಮೇಲೆ ವರ್ಷಗಳ ನಂತರ ಆ ಜಾಲತಾಣದ ಒಳಹೊಕ್ಕೆ. ಮುಚ್ಚಿಟ್ಟ ಮೋರಿಯ ಕಲ್ಲು ಎತ್ತಿದಂತಾಯಿತು. ಓದುಗರ ಅಭಿಪ್ರಾಯಕ್ಕೆಂದು ಬಿಟ್ಟ ಜಾಗದ ತುಂಬ ರಮ್ಮಿ ಆಟದ ಜಾಹೀರಾತುಗಳು, ಬೊಕ್ಕತಲೆಗೆ ಎಣ್ಣೆ, ವಶೀಕರಣ ಮಾಡುವವರ ವಿಳಾಸಗಳು. ಮುಖಪುಟದ ಮೇಲೆ "ವಿಚಾರಕ್ರಾಂತಿಗೆ ಸ್ವಾಗತ" ಎಂಬ ನನ್ನ ಘೋಷಣೆ ಕೆಂಪು ಬಣ್ಣದಲ್ಲಿ ಇನ್ನೂ ಕಣ್ಣು ಮಿಟುಕಿಸುತ್ತಿತ್ತು. ಹಳೆಯ ಅಕ್ಷರಶೈಲಿಯಾದ್ದರಿಂದ ಮೊಬೈಲಿನಲ್ಲಿ ಅದರ ಒತ್ತಕ್ಷರಗಳೆಲ್ಲ ಕಳಚಿ ಬಿದ್ದಿದ್ದವು. ಜಾಹೀರಾತುಗಳ ನಡುವೆ ಅಲ್ಲಲ್ಲಿ ನಿಜವಾದ ಮನುಷ್ಯರ ಪತ್ರಗಳೂ ಇದ್ದವು. ಪರಿಸರದ ಮೇಲೆ ಐದು ನಿಮಿಷದ ಭಾಷಣ ಅರ್ಜೆಂಟಾಗಿ ಬೇಕು. ಸ್ತ್ರೀ ಸಮಾನತೆಯ ಮೇಲೆ ಬೇಕು, ಪರ ಆದರೂ ಸರಿ, ವಿರೋಧ ಆದರೂ ಸರಿ, ಉದ್ದ ಇರಬೇಕು. ಹೀಗೆ ಕೇಳಿದವರಲ್ಲಿ ಅಧ್ಯಾಪಕರೇ ಹೆಚ್ಚು. ಸಮಾನತೆಯ ಪರವಾದರೂ ಸರಿ, ವಿರೋಧವಾದರೂ ಸರಿ ಎಂದು ಬರೆದ ಆ ಬೆರಳುಗಳನ್ನು ನೆನೆದರೆ ಇಂದಿಗೂ ಮೈ ಮುದುಡುತ್ತದೆ.

ಕೆಲಸ ಕೆಲವು ರವಿವಾರಗಳನ್ನು ನುಂಗಿತು. ಹಳೆಯ ಕೋಡನ್ನು ಬಿಸುಟು ಹೊಸದಾಗಿ ಬರೆದೆ. ಅಕ್ಷರಗಳು ಮೊಬೈಲಿನಲ್ಲಿ ನೆಟ್ಟಗೆ ಕಾಣುವಂತಾದವು. ಆ ನಡುವೆ ಗುರುಗಳ ಫೋನು ಬಂತು.

"ಹೊಸಾದು ಮಾಡ್ಲಿಕತ್ತೀ ಅಂತ ಕೇಳಿದೆ. ಬಹಳ ಸಂತೋಷ. ಒಂದಿಷ್ಟು ಹೊಸ ಭಾಷಣಾನೂ ಹಾಕು. ಈಗೇನು, ಕಂಪ್ಯೂಟರ್‌ಗೆ ಹೇಳಿದ್ರ ಅದ ಬರದ ಕೊಡ್ತದಂತ. ಹುಡುಗೂರಿಗೆ ಅನುಕೂಲ ಆಗ್ತದ."

"ಸರ್, ಯಂತ್ರ ಬರೀತದ, ಹುಡುಗೂರು ಒಪ್ಪಸ್ತಾರ, ನಾವು ಮಾರ್ಕ್ಸ್ ಹಾಕ್ತೇವಿ. ಇದರಾಗ ವಿಚಾರ ಮಾಡವ್ರು ಯಾರ್ರಿ?"

"ಬಹುಮಾನ ಬಂದ ಮ್ಯಾಲೆ ವಿಚಾರ ಮಾಡ್ತಾವ ಬಿಡು" ಎಂದು ಅವರು ಹೆಗ್ಗಳಿಕೆಯಿಂದ ನಕ್ಕರು. ನನಗೆ ವಾದ ಮಾಡಲು ಕಲಿಸಿದ ಧ್ವನಿ ಅದೇ. ಆ ಕ್ಷಣದಲ್ಲಿ ಅದನ್ನು ಕಿವಿಯಿಂದ ದೂರ ಹಿಡಿಯಬೇಕೆನ್ನಿಸಿತು.

ನಾನು ಭಾಷಣಗಳನ್ನೆಲ್ಲ ಅಳಿಸಿದೆ. ಹೊಸ ಜಾಲತಾಣದಲ್ಲಿ ವಿಷಯ ಮಾತ್ರ ಇತ್ತು, ಅದರ ಕೆಳಗೆ ಬರೆಯಲು ಖಾಲಿ ಜಾಗ. ಓದುಗರು ತಮ್ಮ ಒಂದು ಕಾರಣವನ್ನು ಬರೆದ ಮೇಲೆ ಎದುರಾಳಿ ಕೇಳಬಹುದಾದ ಕಠಿಣ ಪ್ರಶ್ನೆಯೊಂದು ತೆರೆದುಕೊಳ್ಳುತ್ತಿತ್ತು. ಅದಕ್ಕೆ ಉತ್ತರ ಬರೆದರೆ ಇನ್ನೊಂದು. ಬಾಯಿಪಾಠ ಮಾಡಲು ಅಲ್ಲಿ ಏನೂ ಇರಲಿಲ್ಲ.

ಬೈಗುಳಗಳು ಬೇಗ ಬಂದವು. ಭಾಷಣ ಎಲ್ಲಿ, ಮೋಸ, ಹಳೆಯದೇ ಚೆನ್ನಾಗಿತ್ತು. ಗುರುಗಳು ಮತ್ತೆ ಫೋನು ಮಾಡಿ, "ಊಟಕ್ಕ ಕರದು ಬರೇ ತಾಟ ಇಟ್ಟಿಯಲ್ಲವಾ" ಎಂದು ನೊಂದುಕೊಂಡರು. ಕೆಲವೇ ದಿನಗಳಲ್ಲಿ ನನ್ನ ಅಳಿಸಿದ ಭಾಷಣಗಳು ಯಾರದೋ ಬೇರೆ ಜಾಲತಾಣದಲ್ಲಿ, ರಮ್ಮಿ ಜಾಹೀರಾತುಗಳ ಸಮೇತ, ಮುಂದಿನ ಪುಟದ ಸೂಚನೆಯ ಸಮೇತ ಕಾಣಿಸಿಕೊಂಡವು. ಕೊಳೆಗೂ ಅಷ್ಟು ನಿಷ್ಠಾವಂತ ಉತ್ತರಾಧಿಕಾರಿಗಳು ಇರುತ್ತಾರೆಂದು ನಾನು ಊಹಿಸಿರಲಿಲ್ಲ.

ಒಂದು ಸಂಜೆ ಕಚೇರಿಯಿಂದ ಹೊರಡುತ್ತಿದ್ದಾಗ ಸತ್ತೂರಿನ ಹುಡುಗಿಯ ಕರೆ ಬಂತು. ನಮಸ್ಕಾರವೂ ಇಲ್ಲ.

"ಮ್ಯಾಡಮ್, ಭಾಷಣ ಯಾಕ ತಗದ್ರಿ?"

"ನೀನ ಮಾತಾಡ್ಲಿ ಅಂತ."

"ನನ್ನ ಕೇಳಿ ತಗದ್ರೇನ್ರಿ? ದೊಡ್ಡ ಕಾಲೇಜಿನವ್ರಿಗೆ ಕಲಸಾಕ ಸರ್ ಇರ್ತಾರ, ಮನ್ಯಾಗ ಪುಸ್ತಕ ಇರ್ತಾವ. ನಮಗ ಇದ್ದದ್ದು ಅದೊಂದ. ಅದನ್ನೂ ಕಸ್ಕೊಂಡು ವಿಚಾರ ಮಾಡು ಅಂತೀರಿ. ಹೊಟ್ಟಿ ತುಂಬಿದವ್ರು ಹಂಗ ಅಂತಾರ್ರಿ."

"ಆ ಭಾಷಣ ಇನ್ನೊಂದು ಕಡೆ ಅದಾವಲ್ಲ. ಅಲ್ಲಿಂದ ತಗೋಬಹುದಿತ್ತು."

"ತಗದ ಓದೇನ್ರಿ. ಅದರಾಗ ಸೈಬರ್ ಕೆಫೆ ಐತಿ. ಅದನ್ನ ಹೇಳಾಕ ನನಗ ನಾಚಿಕಿ ಬರತೈತಿ. ನನ್ನ ಮಾತ ಛಲೋ ಇತ್ತು ಅಂದು, ಇದನ್ನೂ ಹೇಳಾಕ ಬರ್ದಂಗ ಮಾಡಿದವ್ರು ನೀವ."

ನಾನು ಉತ್ತರ ಕೊಟ್ಟೆ. ಅವಳು ಅದನ್ನು ಒಪ್ಪಲಿಲ್ಲ. ನಾನು ಇನ್ನೊಂದು ಕಾರಣ ಹೇಳಿದೆ. ಅದರ ದುರ್ಬಲ ತುದಿಯನ್ನು ಹಿಡಿದು ಅವಳು ಎಳೆದಳು. ವೇದಿಕೆಯ ಮೇಲೆ ಕೈಕೊಟ್ಟಿದ್ದ ಮಾತು ಈಗ ಅವಳ ಸಿಟ್ಟಿನಲ್ಲಿ ಒಂದರ ಹಿಂದೆ ಒಂದು ಬರುತ್ತಿತ್ತು. ಬಸ್ಸು ನಿಲ್ದಾಣದ ಗದ್ದಲದಲ್ಲಿ ಇನ್ನೊಂದು ಕಿವಿಗೆ ಕೈ ಒತ್ತಿ ಹಿಡಿದು ನಾನು ಕೇಳಿಸಿಕೊಂಡೆ. ಎರಡು ಬಸ್ಸುಗಳನ್ನು ಹೋಗಗೊಟ್ಟೆ.

"ಸ್ಪರ್ಧಾಕ್ಕ ಹೋಗ್ತೀಯೋ ಇಲ್ಲೋ?" ಎಂದೆ ಕೊನೆಗೆ.

"ಹೋಗ್ತೇನ್ರಿ. ಹಿಂಗ ಮಾತಾಡಿದ್ರ ಢಾಲ ಕೊಡ್ತಾರೇನ್ರಿ?"

"ಕೊಡೂದಿಲ್ಲ. ಎದುರಾಳಿಗೆ ಉತ್ತರ ಕೊಟ್ಟದ್ದಕ್ಕ ಮಾರ್ಕ್ಸ್ ಹಾಳ್ಯಾಗ ಕಾಲಮ್ಮೇ ಇಲ್ಲ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಹಂಗಾದ್ರ ನಿಮ್ಮ ವೆಬ್‌ಸೈಟ್ ಆಮ್ಯಾಲೆ ರಿಪೇರಿ ಮಾಡ್ರಿ, ಮೊದಲ ಆ ಮಾರ್ಕ್ಸ್ ಹಾಕೂ ಹಾಳಿ ರಿಪೇರಿ ಮಾಡ್ಸ್ರಿ" ಎಂದು ಫೋನು ಇಟ್ಟಳು.