ಹಿತ್ತಿಲ ನೀರಿಗೆ ಹೊಳೆಯ ಚೀಟಿ

ಇದನ್ನು ಬರೆಯಬೇಕೆಂದು ಪೆನ್ನು ಹಿಡಿದಾಗಲೆಲ್ಲ ಬೇರೇನೋ ಬರೆದು ಪತ್ರಿಕೆಗೆ ಕಳಿಸಿದ್ದೇನೆ. ರಸ್ತೆ ಗುಂಡಿ, ಕಚೇರಿಯ ಲಂಚ, ಮೊಬೈಲ್ ಹುಚ್ಚು. ಊರಿಗೆಲ್ಲ ಬುದ್ಧಿ ಹೇಳುವುದು ಸುಲಭ ನೋಡಿ.

ಕಳೆದ ವಾರ ನ್ಯಾಮತಿಯಿಂದ ಹೊನ್ನಾಳಿಗೆ ಬರುವ ಬಸ್ಸಿನಲ್ಲಿ ಒಬ್ಬಳು ಎದ್ದು ಸೀಟು ಬಿಟ್ಟಳು.

"ಕೂತ್ಕಳ್ರಿ ಅಜ್ಜ. ಮೊಣಕಾಲು ಹೆಂಗೈತೆ ಈಗ?"

ಮುಖ ನೋಡಿದೆ. ಆಕೆಯೇ.

ನಾಲ್ಕು ವರ್ಷದ ಹಿಂದೆ ಹೊನ್ನಾಳಿಯ ನಮ್ಮ ಮನೆಗೆ ಬಂದಿದ್ದಳು. ಪಿಎಚ್.ಡಿ. ಹುಡುಗಿ, ಊರು ಜಗಳೂರು. ಘಟ್ಟದ ಕಲ್ಲು ಕರಗಿ ತುಂಗಭದ್ರೆಯಲ್ಲಿ ಎಷ್ಟು ಹರಿದುಬರುತ್ತದೆ ಎಂದು ಅಳೆಯುವುದು ಅವಳ ಸಂಶೋಧನೆ.

"ಬೆಟ್ಟ ಕರಗಾಕೆ ಅದೇನು ಬೆಲ್ಲಾನಾ?" ಎಂದು ನಕ್ಕಿದ್ದೆ.

"ಬೆಲ್ಲಾನೇ ಅಜ್ಜ. ಸ್ವಲ್ಪ ನಿಧಾನ ಅಷ್ಟೆ."

ಪ್ರತಿ ಸೋಮವಾರ ಹೊಳೆಯಿಂದ ಒಂದು ಬಾಟಲಿ ನೀರು ತುಂಬಿ, ತಾರೀಖಿನ ಚೀಟಿ ಅಂಟಿಸಿಡಬೇಕು. ನಾನೇ ಮುಂದೆ ಬಿದ್ದು ಒಪ್ಪಿಕೊಂಡೆ. (ಎಸ್ಸೆಸ್ಸೆಲ್ಸಿ ಓದಿದವನು ವಿಜ್ಞಾನದಲ್ಲಿ ಪಾಲು ಸಿಕ್ಕರೆ ಬಿಡುತ್ತಾನೆಯೇ?)

ಮಳೆಗಾಲ ಬಂತು. ದಂಡೆ ಜಾರುತ್ತಿತ್ತು, ಮೊಣಕಾಲು ನೋಯುತ್ತಿತ್ತು. ಒಂದು ಸೋಮವಾರ ಹಿತ್ತಿಲ ಬೋರ್‌ವೆಲ್ ನೀರನ್ನೇ ತುಂಬಿದೆ. ಹೊಳೆ ಕೆಂಪಗೆ ಹರಿಯುವಾಗ ಬಾಟಲಿ ತಿಳಿಯಾಗಿದ್ದರೆ ಹೇಗೆ? ಒಂದು ಚಿಟಿಕೆ ಕೆಮ್ಮಣ್ಣು ಹಾಕಿ ಕುಲುಕಿದೆ. ಆಮೇಲೆ ಮಳೆಗಾಲವಿಡೀ ಅದೇ.

ಆಕೆ ಮಣ್ಣು ಸೋಸಿ ತೆಗೆದು, ನೀರಿನಲ್ಲಿ ಕರಗಿದ್ದನ್ನು ಅಳೆಯುವವಳು. ಮಳೆ ನೀರು ಸೇರಿ ತೆಳುವಾಗಬೇಕಿದ್ದ ಹೊಳೆ, ಬೋರ್‌ವೆಲ್ ನೀರಿನ ಸುಣ್ಣದಿಂದಾಗಿ ಅವಳ ಪರೀಕ್ಷೆಯಲ್ಲಿ ಇನ್ನಷ್ಟು ಗಡುಸಾಗಿತ್ತು. ಹುಡುಕಿಕೊಂಡು ಬಂದಳು. ನಾನು ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆ.

"ಅಜ್ಜ, ನೀರು ಹೊಳೇದೇ ತಾನೆ? ನಿಜ ಹೇಳ್ರಿ, ನಾನೇನೂ ಅನ್ನಲ್ಲ. ಅಂಕಿ ನಾನೇ ಹುಟ್ಟಿಸೀನಿ ಅಂತಾರೆ ನಮ್ಮ ಗೈಡು."

"ನಿನ್ನ ಮಷೀನು ಕೆಟ್ಟೈತೆ, ನೋಡ್ಕ ಹೋಗವ್ವ. ಪೇಪರ್‌ನಾಗೆ ಬರೆಯೋನ ಮೇಲೇನೇ ಅನುಮಾನಾನಾ?"

ಹೋಟೆಲಿನವರೆಲ್ಲ ನಕ್ಕರು. ಆಕೆ ತಲೆ ತಗ್ಗಿಸಿ ಹೊರಟುಹೋದಳು. ನಾನು ಇನ್ನೊಂದು ಚಹಾ ಹೇಳಿದೆ.

ಈಗ ಬಸ್ಸಿನಲ್ಲಿ ಕೇಳಿದೆ, "ಓದು ಮುಗೀತೇನವ್ವ?"

"ಬಿಟ್ಟೆ ಅಜ್ಜ. ಗೈಡಿಗೆ ಕೊನೇವರೆಗೂ ನಂಬಿಕೆ ಬರಲಿಲ್ಲ. ಚನ್ನಗಿರೀಲಿ ಟ್ಯೂಷನ್ ಹೇಳ್ತೀನಿ."

ದೂರಿನ ಒಂದು ಎಳೆಯೂ ಇಲ್ಲದ ದನಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಡಿದ್ದು ನಾನು ಎಂಬುದು ಅವಳಿಗೆ ಗೊತ್ತಿತ್ತೇ? ಕೇಳುವ ಧೈರ್ಯ ನನಗಿರಲಿಲ್ಲ.

ಹೊನ್ನಾಳಿ ಬಂತು. ಎದ್ದೆ.

"ಹುಷಾರಾಗಿ ಇಳೀರಿ ಅಜ್ಜ" ಎಂದಳು. ಇಳಿದೆ.

ಇಷ್ಟು ಜನ ಓದುಗರ ಮುಂದೆ ಬರೆದು ತಪ್ಪೊಪ್ಪಿಕೊಳ್ಳುವುದು ಕೈಗೆ ಕಷ್ಟವಲ್ಲ. ಬಾಯಿ ಬಿಟ್ಟು ಕ್ಷಮೆ ಕೇಳಬೇಕಿದ್ದದ್ದು ಒಬ್ಬಳನ್ನೇ, ಜಗಳೂರಿನ ಮಂಜುಳಾಳನ್ನು.